ಮೊದಲ ಮುತ್ತಾದ ಮೇಲೆ ಊರುಗೋಲು ಎಲ್ಲಿಗೆ ಹೋಯಿತು?

ಅಂಗವಿಕಲ ನಾಯಕ, ನಾಯಕಿಯರಿರುವ ಇಂಗ್ಲಿಷ್ ಪ್ರೇಮಕಾದಂಬರಿಗಳನ್ನು ಈಗ ಮೈಸೂರಿನಲ್ಲಿ ಕೂತು ತರಿಸಿಕೊಳ್ಳುವುದೇನೂ ಕಷ್ಟವಿಲ್ಲ. ಕಷ್ಟವಿರುವುದು ಆರಿಸುವುದರಲ್ಲಿ. ಬೆನ್ನುಡಿ ಓದಿದರೆ ಎಲ್ಲವೂ ಮನ ಮಿಡಿಯುವಂಥವೇ. ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದನ್ನು ಯಾರಿಂದಲಾದರೂ ಇಸಕೊಂಡು ಓದಿದರೆ ಸಾಕು ಎಂದು ಹೇಳುವುದಕ್ಕೆ ಈ ವಿಮರ್ಶೆ. ಇಂಗ್ಲಿಷಿನ ಐದು ಪುಸ್ತಕ, ಮೈಸೂರಿನದೇ ಒಂದು ಹಳೆಯ ಪುಸ್ತಕ, ಜೊತೆಗೆ ನಮ್ಮ ಧಾರಾವಾಹಿ ಕಥೆಗಳ ಮೇಲೆ ಒಂದಷ್ಟು ತಕರಾರು. ಕಥೆಯ ಗುಟ್ಟು ಮುಚ್ಚಿಟ್ಟಿಲ್ಲ, ಮೊದಲೇ ಹೇಳಿಬಿಟ್ಟಿದ್ದೇವೆ.

ನಮ್ಮ ಅಳತೆ ಸರಳ. ಮೊದಲ ಮುತ್ತು ಬರುವ ಪುಟಕ್ಕೆ ಒಂದು ಚೀಟಿ ಇಡಿ. ಅಲ್ಲಿಯವರೆಗೆ ಊರುಗೋಲು, ಗಾಲಿಕುರ್ಚಿ, ಮಾತ್ರೆ ಡಬ್ಬಿ, ಕಿವಿಯ ಮಿಷನ್ನು ಎಷ್ಟು ಸಲ ಬಂದವು, ಎಣಿಸಿ. ಚೀಟಿಯ ಆಚೆ ಎಷ್ಟು ಸಲ ಬಂದವು, ಅದನ್ನೂ ಎಣಿಸಿ. ಕಳಪೆ ಪುಸ್ತಕದಲ್ಲಿ ಚೀಟಿ ದಾಟಿದ ಕೂಡಲೇ ಅವೆಲ್ಲ ಮಾಯ. ನಾಯಕಿ ಮೊದಲ ಅರ್ಧದಲ್ಲಿ ಮೂರು ಮೆಟ್ಟಿಲಿಗೆ ಏದುಸಿರು ಬಿಡುತ್ತಾಳೆ, ಎರಡನೇ ಅರ್ಧದಲ್ಲಿ ಮಳೆಯಲ್ಲಿ ಓಡಿ ಬಂದು ಅಪ್ಪಿಕೊಳ್ಳುತ್ತಾಳೆ. ಪ್ರೀತಿಯಿಂದ ಮನಸ್ಸು ಹಗುರವಾಗಬಹುದು, ಮೊಣಕಾಲಿನ ಕೀಲು ಆಗುವುದಿಲ್ಲ.

ತಾಲಿಯಾ ಹಿಬ್ಬರ್ಟ್ ಅವರ 'ಗೆಟ್ ಎ ಲೈಫ್, ಕ್ಲೋಯಿ ಬ್ರೌನ್' (2019) ಈ ಎಣಿಕೆಯಲ್ಲಿ ಆರಾಮಾಗಿ ಗೆಲ್ಲುತ್ತದೆ. ಕ್ಲೋಯಿಗೆ ಫೈಬ್ರೊಮಯಾಲ್ಜಿಯ. ಮೈಯೆಲ್ಲ ನೋವು, ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು, ಬುದ್ಧಿಗೆ ಮಂಜು ಕವಿದ ಹಾಗೆ. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯೂ ಇಲ್ಲ, ಎಕ್ಸ್‌ರೇಯೂ ಇಲ್ಲ. ಹಾಗಾಗಿ ರೋಗಿಯ ಅರ್ಧ ಆಯಸ್ಸು 'ಮೈಕೈ ನೋವು ಯಾರಿಗಿಲ್ಲ ಹೇಳಿ' ಎನ್ನುವವರಿಗೆ ವಿವರಿಸುವುದರಲ್ಲೇ ಕಳೆಯುತ್ತದೆ. ಕ್ಲೋಯಿಯ ಕಾಯಿಲೆಯ ಹೊತ್ತಿನಲ್ಲಿ ಗೆಳತಿಯರು ದೂರವಾಗಿದ್ದಾರೆ, ಮದುವೆ ನಿಶ್ಚಯವಾಗಿದ್ದವನು ಬಿಟ್ಟು ಹೋಗಿದ್ದಾನೆ. ಒಂದು ದಿನ ಕಾರು ಮೈಮೇಲೆ ಬರುವುದು ಕೂದಲೆಳೆಯಲ್ಲಿ ತಪ್ಪಿ, 'ಬದುಕುವುದು ಹೇಗೆ' ಅಂತ ಒಂದು ಪಟ್ಟಿ ಮಾಡುತ್ತಾಳೆ: ಮೋಟರ್‌ಬೈಕ್ ಹತ್ತಬೇಕು, ಕ್ಯಾಂಪಿಂಗ್ ಹೋಗಬೇಕು, ಹೀಗೆ. ಹೊಸ ಮನೆಯ ಕಟ್ಟಡ ನೋಡಿಕೊಳ್ಳುವ ರೆಡ್ ಎಂಬ ಚಿತ್ರಕಲಾವಿದ ಪಟ್ಟಿಗೆ ಜೊತೆಯಾಗುತ್ತಾನೆ.

ಬೆಕ್ಕೊಂದನ್ನು ಇಳಿಸಲು ಕ್ಲೋಯಿ ಮರ ಹತ್ತುವ ಪ್ರಸಂಗವಿದೆ. ತಿಳಿಯದ ಲೇಖಕರಾಗಿದ್ದರೆ ಅದು ಬರೀ ತಮಾಷೆಯಾಗುತ್ತಿತ್ತು. ಇಲ್ಲಿ ಹತ್ತಿದ್ದಕ್ಕೆ ಮೈ ಕಂದಾಯ ಕೇಳುತ್ತದೆ. ಈ ಕಾಯಿಲೆ ನಡೆಯುವುದೇ ಹಾಗೆ: ಮಾಡುವಾಗ ಆಗುವ ನೋವಿಗಿಂತ ಮಾರನೆಯ ದಿನ, ಅದರ ಮಾರನೆಯ ದಿನ ಬರುವ ಬಿಲ್ಲು ದೊಡ್ಡದು. ಇದು ಗೊತ್ತಿರುವ ಲೇಖಕರು ಕಥೆಯ ಕ್ಯಾಲೆಂಡರನ್ನೇ ಬೇರೆ ಥರ ಹಾಕುತ್ತಾರೆ. ಶನಿವಾರ ಸುತ್ತಾಟವಿದ್ದರೆ ಭಾನುವಾರ, ಸೋಮವಾರ ಖಾಲಿ ಬಿಟ್ಟಿರಬೇಕು. ನೋವಿದೆ ಎಂದು ಅವಳು ಹೇಳಿದಾಗ ರೆಡ್ ಪುರಾವೆ ಕೇಳುವುದಿಲ್ಲ. ಪುಸ್ತಕದ ಅತ್ಯಂತ ರಸಿಕ ಗುಣ ಅದೇ ಎಂಬುದು ನಮ್ಮ ಅಭಿಪ್ರಾಯ. ಕೊರತೆ ಎಂದರೆ ದುಡ್ಡು. ಬ್ರೌನ್ ಮನೆತನ ಸಿರಿವಂತರದು, ಕ್ಲೋಯಿಯದು ಮನೆಯಲ್ಲೇ ಕೂತು ವೆಬ್‌ಸೈಟ್ ವಿನ್ಯಾಸ ಮಾಡುವ ಕೆಲಸ. ಮಂಡ್ಯದ ಗಾರ್ಮೆಂಟ್ಸಿನಲ್ಲಿ ಮಿಷನ್ ತುಳಿಯುವ ಹೆಣ್ಣಿಗೆ ಇದೇ ಕಾಯಿಲೆ ಬಂದರೆ ಖಾಲಿ ಸೋಮವಾರ ಎಲ್ಲಿಂದ ಬರುತ್ತದೆ?

ಹೆಲೆನ್ ಹೊಆಂಗ್ ಅವರ 'ದಿ ಕಿಸ್ ಕೋಷಂಟ್' (2018) ನಾಯಕಿ ಸ್ಟೆಲ್ಲಾಗೆ ಆಟಿಸಂ. ಲೇಖಕಿಗೂ ಆಟಿಸಂ ಇದೆ ಎಂದು ಗೊತ್ತಾದದ್ದು ದೊಡ್ಡವರಾದ ಮೇಲೆ. ಅದು ಪುಟಪುಟದಲ್ಲಿ ಕಾಣುತ್ತದೆ. ಹುಡುಗನ ಮನೆಯಲ್ಲಿ ಊಟದ ಪ್ರಸಂಗ ನೋಡಿ. ಒಂದು ಕಡೆ ಟಿವಿ, ಇನ್ನೊಂದು ಕಡೆ ಪಿಯಾನೊ, ಮೇಲೆ ಹೊಸ ಮುಖಗಳು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಮಾಡಿದ ಅಡುಗೆ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಸ್ಟೆಲ್ಲಾ ಹುಡುಗನ ತಾಯಿಯ ಎದುರಿಗೇ ಹೇಳಿಬಿಡುತ್ತಾಳೆ. ಮನಸ್ಸಿನಲ್ಲಿ ಕುಹಕವಿಲ್ಲ, ಇರುವ ಸಂಗತಿ ಹೇಳಿದಳು, ಅಷ್ಟೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರ ಮುಂದೆ 'ಉಪ್ಪಿಟ್ಟಿಗೆ ಹಾಕಿರೋ ಎಣ್ಣೆ ಎರಡನೇ ಸಲ ಕಾಯಿಸಿದ್ದು' ಎಂದು ಹುಡುಗಿ ಬಾಯಿಬಿಟ್ಟರೆ ಏನಾಗುತ್ತದೋ ಅದೇ ಆಗುತ್ತದೆ. ಒಬ್ಬಳಿಗೆ ಎಷ್ಟು ಸದ್ದು, ಎಷ್ಟು ವಾಸನೆ ಒಟ್ಟಿಗೆ ಬಿದ್ದಾಗ ಮಾತು ಜಾರುತ್ತದೆ ಎನ್ನುವ ಲೆಕ್ಕ ಆ ಪ್ರಸಂಗದಲ್ಲಿ ಕರಾರುವಾಕ್ಕಾಗಿದೆ. ನೈಟ್‌ಕ್ಲಬ್ಬಿನ ಗದ್ದಲಕ್ಕೆ ಅವಳು ಕುಸಿಯುವ ಭಾಗವೂ ಹಾಗೆಯೇ.

ಕನ್ನಡದಲ್ಲಿ ಬರೆಯುವವರು ಇಲ್ಲಿಂದ ಕಲಿಯಬೇಕಾದದ್ದು ವಸ್ತುಗಳ ಹೆಸರು. ಆಟಿಸಂ ಎಂದರೆ ಸುಮ್ಮನೆ ಕೂತು ಕಿಟಕಿಯಾಚೆ ನೋಡುವುದು ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಮೈಸೂರು ರೇಷ್ಮೆಯ ಜರಿಯಂಚು ಕುತ್ತಿಗೆಗೆ ಗರಗಸದ ಹಾಗೆ ತಾಗುವುದನ್ನು ಬರೆಯಿರಿ. ಛತ್ರದಲ್ಲಿ ಗಟ್ಟಿಮೇಳ ಎಂದ ಕ್ಷಣ ಡೋಲು ಎದೆಗೇ ಹೊಡೆಯುವುದನ್ನು, ಮಲ್ಲಿಗೆ ದಂಡೆಯ ವಾಸನೆಗೆ ತಲೆಸುತ್ತುವುದನ್ನು ಬರೆಯಿರಿ. ತಾಳಿ ಕಟ್ಟುವ ಹೊತ್ತಿಗೆ ಮದುಮಗಳು ಕಿವಿಗೆ ಹತ್ತಿ ತುರುಕಿಕೊಂಡಿರುವುದು ವರನಿಗೆ ಮಾತ್ರ ಗೊತ್ತು ಎಂದರೆ, ಅಲ್ಲಿದೆ ನೋಡಿ ಪ್ರೇಮಕಥೆ.

ಹೊಆಂಗ್ ಅವರ 'ದಿ ಹಾರ್ಟ್ ಪ್ರಿನ್ಸಿಪಲ್' (2021) ಇದಕ್ಕಿಂತ ಗಟ್ಟಿ, ಇದಕ್ಕಿಂತ ಕಹಿ. ಪಿಟೀಲು ನುಡಿಸುವ ಆನಾ, ಪಾರ್ಶ್ವವಾಯು ಬಡಿದ ತಂದೆ, ಮನೆಯವರೆಲ್ಲ ಸರದಿಯ ಮೇಲೆ ಆರೈಕೆ. ಬೇರೆಯವರ ಮುಂದೆ 'ಸರಿಯಾಗಿ' ಇರಲು ವರ್ಷಗಟ್ಟಲೆ ವೇಷ ಹಾಕಿದವರಿಗೆ ಬರುವ ಬಳಲಿಕೆ ಎಂಥದ್ದು, ಅದು ಗುಣವಾಗಲು ಎಷ್ಟು ತಿಂಗಳು ಹಿಡಿಯುತ್ತದೆ ಎಂಬುದನ್ನು ಅವಸರವಿಲ್ಲದೆ ಹೇಳಿದ್ದಾರೆ. ಪ್ರೇಮಕಥೆಯೆಂದು ಕೊಂಡವರಿಗೆ ಮಧ್ಯಭಾಗ ಭಾರವಾಗುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಈಗ ಓದಬೇಡಿ, ಆಮೇಲೆ ಓದಿ. ಎರಡೂ ಪುಸ್ತಕಗಳಲ್ಲಿ ಮಲಗುವ ಕೋಣೆಯ ದೃಶ್ಯಗಳು ಧಾರಾಳ. ಹೈಸ್ಕೂಲು ಮಕ್ಕಳಿಗೆ ಉಡುಗೊರೆ ಕೊಡುವಂಥವಲ್ಲ.

ಹನ್ನಾ ಬೊನಾಮ್ ಯಂಗ್ ಅವರ 'ಔಟ್ ಆನ್ ಎ ಲಿಂಬ್' ಬಗ್ಗೆ ಚುಟುಕಾಗಿ: ನಾಯಕಿಯ ಒಂದು ಕೈ ಹುಟ್ಟಿನಿಂದಲೇ ಬೇರೆ ಆಕಾರದ್ದು, ನಾಯಕನಿಗೆ ಕೃತಕ ಕಾಲು. ಇಬ್ಬರಿಗೂ ಅಂಗವೈಕಲ್ಯ ಇರುವುದರಿಂದ ಯಾರೂ ಯಾರನ್ನೂ ಉದ್ಧಾರ ಮಾಡುವ ಹಾಗಿಲ್ಲ. ಅದೊಂದರಿಂದಲೇ ಪುಸ್ತಕಕ್ಕೆ ಎಷ್ಟೋ ಹಗುರತನ ಬಂದಿದೆ. ಆಕಸ್ಮಿಕ ಬಸಿರಿನ ಹಳೆಯ ಹೂರಣ, ಕಣಕ ಹೊಸದು. ಕೃತಕ ಕಾಲಿನ ಬಗ್ಗೆ ಬರೆಯಲು ಹೊರಟವರು ಇಷ್ಟಂತೂ ನೆನಪಿಡಬೇಕು: ಮೊಂಡುಕಾಲಿನ ಗಾತ್ರ ದಿನವಿಡೀ ಒಂದೇ ಇರುವುದಿಲ್ಲ. ಅದು ಇಳಿದಾಗ ಮೊಂಡುಕಾಲು ಕೂರುವ ಬಟ್ಟಲು, ಅಂದರೆ ಸಾಕೆಟ್, ಸಡಿಲವಾಗಿ ಇನ್ನೊಂದು ಕಾಲುಚೀಲ ಏರಿಸಬೇಕಾಗುತ್ತದೆ, ಬೆವರಿದರೆ ಒಳಗೆ ಜಾರುತ್ತದೆ, ಚರ್ಮ ಒಡೆದರೆ ವಾಸಿಯಾಗುವವರೆಗೆ ಕಾಲು ತೊಡುವ ಹಾಗಿಲ್ಲ. ರಾತ್ರಿ ಬಿಚ್ಚಿಡುತ್ತಾರೆ. ನಡುರಾತ್ರಿ ಬಾಗಿಲು ಬಡಿದ ಸದ್ದಿಗೆ ನಾಯಕ ದಡಬಡ ಎದ್ದು ಹೋಗಿ ತೆರೆದ ಎಂದು ಬರೆದರೆ, ಅವನು ಯಾವ ಕಾಲಿನಲ್ಲಿ ಹೋದ ಎಂದು ಓದುಗ ಕೇಳುತ್ತಾನೆ.

ಈಗ ಜೋಜೋ ಮೋಯೆಸ್ ಅವರ 'ಮಿ ಬಿಫೋರ್ ಯೂ' (2012). ಅತಿ ಹೆಚ್ಚು ಜನ ಓದಿರುವ ಪುಸ್ತಕ, ಅತಿ ಹೆಚ್ಚು ಬೈಗುಳ ತಿಂದದ್ದೂ ಇದೇ. ನಾಯಕ ವಿಲ್‌ಗೆ ಕುತ್ತಿಗೆಯ ಐದು, ಆರನೆಯ ಮಣಿಯ ಮಟ್ಟದಲ್ಲಿ ಬೆನ್ನುಹುರಿ ಪೆಟ್ಟು. ವೈದ್ಯಕೀಯ ವಿವರ ಬಹಳ ಮಟ್ಟಿಗೆ ಸರಿಯಾಗಿದೆ: ಮೈ ತನ್ನ ಶಾಖವನ್ನು ತಾನು ಸರಿತೂಗಿಸಿಕೊಳ್ಳಲಾರದು, ಸೋಂಕು ಪದೇ ಪದೇ. ಕುದುರೆ ಜೂಜಿನ ಮೈದಾನದಲ್ಲಿ ಕುರ್ಚಿ ಕೆಸರಲ್ಲಿ ಹೂತುಕೊಳ್ಳುವ ಪ್ರಸಂಗ ಇಡೀ ಪುಸ್ತಕದಲ್ಲೇ ಅತ್ಯುತ್ತಮ. ಬ್ಯಾಟರಿ ಕುರ್ಚಿಯೊಂದೇ ನೂರು ಕಿಲೋ ದಾಟುವುದುಂಟು, ಕೂತವರ ತೂಕ ಬೇರೆ. ಮುಂದಿನ ಚಿಕ್ಕ ಚಕ್ರ ಮೆತ್ತನೆಯ ನೆಲದಲ್ಲಿ ಇಳಿದರೆ ಹಿಂದಿನ ಮೋಟರು ಎಷ್ಟು ತಿರುಗಿದರೂ ಇನ್ನಷ್ಟು ಆಳಕ್ಕೇ. ನಮ್ಮ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸಿನಲ್ಲಿ ಮಳೆ ನಿಂತ ಮಧ್ಯಾಹ್ನ ಹುಲ್ಲಿನ ಮೇಲೆ ಕುರ್ಚಿ ಇಳಿಸಿದರೂ ಕಥೆ ಅದೇ.

ಇಷ್ಟೆಲ್ಲ ಸರಿಯಾಗಿ ಬರೆದು ಕೊನೆಗೆ ವಿಲ್ ಸ್ವಿಟ್ಜರ್ಲೆಂಡಿಗೆ ಹೋಗಿ, ಇನ್ನೊಬ್ಬರ ನೆರವಿನಿಂದ ಪ್ರಾಣ ಬಿಡುತ್ತಾನೆ. ಆಸ್ತಿಯಲ್ಲಿ ಒಂದು ಪಾಲು, ಅವನ ಆರೈಕೆಗೆ ಬಂದು ಅವನನ್ನು ಪ್ರೀತಿಸಿದ ಹುಡುಗಿಗೆ. ಅವಳು ಹೊಸ ಬದುಕು ಶುರು ಮಾಡಬೇಕಂತೆ. 2016ರಲ್ಲಿ ಸಿನಿಮಾ ಬಂದಾಗ ಅಂಗವಿಕಲರ ಹಕ್ಕಿನ ಹೋರಾಟಗಾರರು ಪ್ರತಿಭಟಿಸಿದ್ದು ಇದಕ್ಕೇ. ಮನೆಯಲ್ಲಿ ದುಡ್ಡು, ಪ್ರೀತಿಸುವ ಹುಡುಗಿ, ದಿನಪೂರ್ತಿ ಆರೈಕೆ ಎಲ್ಲ ಇದ್ದವನೇ ಬದುಕು ಬೇಡ ಎಂದರೆ, ಇವೇನೂ ಇಲ್ಲದ ಬೆನ್ನುಹುರಿ ರೋಗಿ ಏನೆಂದುಕೊಳ್ಳಬೇಕು? ಅಮೆರಿಕದ ರೊಮಾನ್ಸ್ ಲೇಖಕರ ಸಂಘದ ವ್ಯಾಖ್ಯೆಯಂತೆ ಈ ಪ್ರಕಾರದ ಕಥೆಗೆ ಭರವಸೆಯ ಮುಕ್ತಾಯ ಇರಲೇಬೇಕು. ಆ ಲೆಕ್ಕದಲ್ಲಿ ಇದು ಪ್ರೇಮಕಾದಂಬರಿಯ ಕಪಾಟಿಗೆ ಸೇರುವುದೇ ಇಲ್ಲ. ಕೊಳ್ಳಬೇಡಿ, ರೇಸಿನ ಪ್ರಸಂಗಕ್ಕಾಗಿ ಇಸಕೊಂಡು ಓದಿ.

ನಮ್ಮಲ್ಲಿ ಸಾಯಿಸುವುದು ಕಡಿಮೆ, ತ್ಯಾಗ ಮಾಡಿಸುವುದು ಜಾಸ್ತಿ. ವಾರಪತ್ರಿಕೆಯ ಧಾರಾವಾಹಿಗಳಲ್ಲಿ, ಆ್ಯಪುಗಳಲ್ಲಿ ಬರುವ ಪ್ರೇಮಕಥೆಗಳಲ್ಲಿ ಎರಡೇ ಅಚ್ಚು. ಒಂದು ಸುಕನ್ಯೆಯದು: ಕುರುಡ ಮುದುಕ ಚ್ಯವನನ ಸೇವೆ ಮಾಡಿದಳು, ಅಶ್ವಿನಿ ದೇವತೆಗಳು ಬಂದು ಅವನನ್ನು ಯುವಕನನ್ನಾಗಿಸಿದರು. ಈಗ ದೇವತೆಗಳ ಜಾಗದಲ್ಲಿ ಬೆಂಗಳೂರಿನ ದೊಡ್ಡ ಡಾಕ್ಟರು. ಇನ್ನೊಂದು ಗಾಂಧಾರಿಯದು. ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದರಿಂದ ಧೃತರಾಷ್ಟ್ರನಿಗೆ ಒಂದು ಗೇಣು ದಾರಿಯೂ ಹೆಚ್ಚಿಗೆ ಕಾಣಲಿಲ್ಲ. ಅವನ ಕೆಲಸಕ್ಕೆ ಬಂದವನು ಕಂಡದ್ದನ್ನು ಕಂಡ ಹಾಗೆ ಹೇಳಿದ ಸಂಜಯ. ಅಂಗವಿಕಲರ ಕೈ ಹಿಡಿದವರಿಗೆ ಸರ್ಕಾರವೇ ಪ್ರೋತ್ಸಾಹಧನ ಕೊಡುವಾಗ ಕಥೆಗಾರರನ್ನು ಮಾತ್ರ ಬೈಯುವುದು ನ್ಯಾಯವಲ್ಲ, ಬಿಡಿ.

ಕೈ ಹಿಡಿಯುವುದು ಅಂದಾಗ ನೆನಪಾಯಿತು. ಕನ್ನಡದಲ್ಲಿ ಅದು ಮದುವೆಯ ಮಾತೇ, ಆದರೆ ಕಣ್ಣು ಕಾಣದ ನಾಯಕಿಯನ್ನು ನಾಯಕ ಕೈ ಹಿಡಿದು ಎಳೆದುಕೊಂಡು ಹೋಗುವಂತಿಲ್ಲ. ಸರಿಯಾದ ಕ್ರಮದಲ್ಲಿ ಅವಳು ಅವನ ಮೊಣಕೈಯ ಸ್ವಲ್ಪ ಮೇಲೆ ಹಿಡಿಯುತ್ತಾಳೆ, ಅರ್ಧ ಹೆಜ್ಜೆ ಹಿಂದಿರುತ್ತಾಳೆ. ಅವನ ತೋಳು ಏರಿದರೆ ಮೆಟ್ಟಿಲು ಹತ್ತಬೇಕು, ಇಳಿದರೆ ಇಳಿಯಬೇಕು, ಬೆನ್ನ ಹಿಂದೆ ಸರಿದರೆ ದಾರಿ ಕಿರಿದು. ಬೇಡವೆನಿಸಿದರೆ ಬಿಡುವುದು ಅವಳ ಕೈಯಲ್ಲೇ ಇದೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಂದೇ ಒಂದು ಪುಟ ಈ ಥರ ನಡೆಸಿದರೆ ಸಾಕು, ಹತ್ತು ಪುಟದ ಸಂಭಾಷಣೆ ಉಳಿಯುತ್ತದೆ. ಮುಖ ಸವರಿ 'ನೀನು ಇಷ್ಟು ಚೆಲುವನಾ' ಎನ್ನುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಅಂಧರು ಯಾರೂ ಪರಿಚಯವಾದವರ ಮುಖವನ್ನೆಲ್ಲ ಸವರುತ್ತಾ ಓಡಾಡುವುದಿಲ್ಲ.

ಕಿವಿ ಕೇಳದ ಪಾತ್ರಗಳ ಗತಿ ಇನ್ನೂ ಕೆಟ್ಟದು. ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಊರಿನ ಕಥೆಗಾರರಿಗೆ ನೆಪ ಹೇಳಲು ಜಾಗವಿಲ್ಲ. ನಾಯಕಿ ತುಟಿ ನೋಡಿಯೇ ಎಲ್ಲವನ್ನೂ ತಿಳಿದುಕೊಂಡಳು ಎಂದು ಬರೆಯುತ್ತಾರೆ. ಕನ್ನಡಿಯ ಮುಂದೆ ನಿಂತು ದನಿಯಿಲ್ಲದೆ 'ಪಾಪ', 'ಮಾಮ', 'ಬಾಬಾ' ಅನ್ನಿ. ಮೂರಕ್ಕೂ ತುಟಿ ಒಂದೇ. 'ಕ', 'ಗ' ಗಂಟಲ ಹತ್ತಿರ ಹುಟ್ಟುವುದರಿಂದ ಹೊರಗೆ ಕಾಣುವುದೇ ಇಲ್ಲ. ದೊಡ್ಡ ಪಾಲು ಸಂದರ್ಭದಿಂದ ಊಹೆ. ಮೀಸೆ ದಟ್ಟವಾಗಿದ್ದರೆ ಅದೂ ಕಷ್ಟ. ದಸರಾ ದೀಪಾಲಂಕಾರದ ಕೆಳಗೆ, ಬೆಳಕು ಬೆನ್ನಿಗಿರುವ ಹುಡುಗ 'ಮದುವೆ ಆಗ್ತೀಯಾ' ಅಂದರೆ ಅವಳಿಗೆ ಕಾಣುವುದು ಕಪ್ಪು ಮುಖ. ಅವನು ಎರಡು ಹೆಜ್ಜೆ ಸುತ್ತಿ ಬೆಳಕಿಗೆ ಮುಖ ಕೊಟ್ಟು ಮತ್ತೆ ಕೇಳಬೇಕು. ಇನ್ನು ಅಪ್ಪುಗೆ. ಕಿವಿಯ ಹಿಂದಿನ ಮಿಷನ್ನಿಗೆ ಕೆನ್ನೆಯೋ ಭುಜವೋ ಒತ್ತಿದರೆ ಹೊರಬಂದ ಸದ್ದು ಮತ್ತೆ ಮೈಕಿಗೆ ಹೋಗಿ ಕುಂಯ್ ಎಂದು ಸಿಳ್ಳೆ ಹೊಡೆಯುತ್ತದೆ. ಸಿಳ್ಳೆಗೆ ಇಬ್ಬರೂ ನಗುವುದು, ಅವನು ಮುಂದಿನ ಸಲ ಇನ್ನೊಂದು ಕಡೆಯಿಂದ ಅಪ್ಪುವುದು, ಇವೆಲ್ಲ ಪುಕ್ಕಟೆ ಸಿಗುವ ಸಾಮಗ್ರಿ. ಮಲಗುವಾಗ ಮಿಷನ್ನು ತೆಗೆದಿಡುತ್ತಾಳೆ. ದೀಪ ಆರಿದ ಮೇಲೆ ಪಿಸುಮಾತಿಗೆ ಅರ್ಥವಿಲ್ಲ, ಬೆನ್ನ ಮೇಲೆ ಬೆರಳಿನಲ್ಲಿ ಬರೆಯಬೇಕು.

ಇಳಿಜಾರಿನ ವಿಷಯಕ್ಕೆ ಬರೋಣ, ಪ್ರೇಮಕಥೆಗಳು ಹೆಚ್ಚು ಎಡವುವುದು ಅಲ್ಲೇ. ಗಾಲಿಕುರ್ಚಿಯ ಹುಡುಗಿ ಮನೆಗೆ ಬರುತ್ತಾಳೆಂದು ನಾಯಕ ರಾತ್ರೋರಾತ್ರಿ ಮೆಟ್ಟಿಲಿಗೆ ಹಲಗೆ ಹಾಕುತ್ತಾನೆ, ಅವಳ ಕಣ್ಣು ತುಂಬುತ್ತದೆ. ಲೆಕ್ಕ ಹಾಕಿ. ಆರಾರು ಇಂಚಿನ ಎರಡು ಮೆಟ್ಟಿಲೆಂದರೆ ಒಂದಡಿ ಎತ್ತರ. ಮಾನದಂಡ ಒಂದಕ್ಕೆ ಹನ್ನೆರಡು, ಅಂದರೆ 12 ಅಡಿ ಉದ್ದದ ಇಳಿಜಾರು ಬೇಕು. ಬಾಗಿಲ ಮುಂದೆ ಕುರ್ಚಿ ತಿರುಗಿಸಲು 5 ಅಡಿ ಮಟ್ಟಸ ಜಾಗ ಬೇರೆ. ಒಟ್ಟು 17. ಕುವೆಂಪುನಗರದ ಮೂವತ್ತು ನಲವತ್ತರ ಸೈಟಿನಲ್ಲಿ ಮನೆಗೂ ಗೇಟಿಗೂ ನಡುವೆ ಎಷ್ಟಿರುತ್ತದೆ, ನಿಮಗೇ ಗೊತ್ತು. ಮೂರಡಿ ಹಲಗೆ ಹಾಕಿದರೆ ಇಳಿಜಾರು ಒಂದಕ್ಕೆ ಮೂರು. ಹತ್ತುವಾಗ ಮೈಭಾರ ಹಿಂದಿನ ಚಕ್ರದಾಚೆ ಹೋಗಿ ಕುರ್ಚಿ ಅಂಗಾತ ಮಗುಚುತ್ತದೆ. ಕಣ್ಣು ತುಂಬುವುದು ಬೇರೆ ಕಾರಣಕ್ಕೆ.

ಮೇಸ್ತ್ರಿ ಯೋಚಿಸುವ ಹಾಗೆ ಯೋಚಿಸಿದರೆ ದಾರಿ ಇರುವುದು ಪಕ್ಕದ ಓಣಿಯಲ್ಲಿ, ಕಾಂಪೌಂಡಿನ ಉದ್ದಕ್ಕೆ ಹನ್ನೆರಡಡಿ, ಮೂರಡಿ ಅಗಲ, ಹಿತ್ತಿಲ ಬಾಗಿಲವರೆಗೆ. ಹಾಗಾದರೆ ಹೊಸ ಸೊಸೆ ಹಿತ್ತಿಲಿಂದ ಬರಬೇಕೇ? ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಯಾರು ಒದೆಯುತ್ತಾರೆ? ಹೊಸ್ತಿಲೇ ಎರಡು, ಮೂರು ಇಂಚು ಎತ್ತರ, ಮುಂದಿನ ಚಿಕ್ಕ ಚಕ್ರ ಅಲ್ಲೇ ನಿಲ್ಲುತ್ತದೆ. ಹೊಸ್ತಿಲು ಕೊಯ್ಯಿಸಲು ಅತ್ತೆ ಒಪ್ಪುತ್ತಾರೋ ಇಲ್ಲವೋ? ಒಂದು ಇಡೀ ಅಧ್ಯಾಯಕ್ಕೆ ಇಷ್ಟು ಸಾಕು. ಈ ಅಧ್ಯಾಯ ಬರೆಯುವವರ ಪುಸ್ತಕ ಬಂದ ದಿನವೇ ಕೊಳ್ಳುತ್ತೇವೆ. ಬಚ್ಚಲಿನ ಬಾಗಿಲು ಎರಡೂವರೆ ಅಡಿ ಚೌಕಟ್ಟು, ಮರದ ದಪ್ಪ ಕಳೆದರೆ ದಾರಿ ಇನ್ನೂ ಕಿರಿದು, ಕುರ್ಚಿ ಹೊರ ಅಂಚಿನಿಂದ 25 ಇಂಚಿನ ಆಸುಪಾಸು, ಗೆಣ್ಣು ತರಚುವುದು ಖಾತ್ರಿ. ಅದು ಎರಡನೇ ಅಧ್ಯಾಯ.

ಮೈಸೂರಿನಲ್ಲೇ ಬಾಳಿದ ತ್ರಿವೇಣಿ ಇದನ್ನೆಲ್ಲ ಅರವತ್ತು ವರ್ಷಕ್ಕೂ ಹಿಂದೆಯೇ ಬೇರೊಂದು ದಿಕ್ಕಿನಿಂದ ಬರೆದಿಟ್ಟಿದ್ದಾರೆ. 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮಾನಸಿಕ ಅಸ್ವಸ್ಥೆಯಾಗುತ್ತಾಳೆ, ಚಿಕಿತ್ಸೆಯಾಗಿ ಮನೆಗೆ ಮರಳುತ್ತಾಳೆ. ಕಾಯಿಲೆ ವಾಸಿಯಾಗಿದೆ, ಆದರೆ ಗಂಡನಿಗೂ ಸುತ್ತಲಿನವರಿಗೂ ಅನುಮಾನ ವಾಸಿಯಾಗಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದರಿಂದ ಕಥೆ ಎಲ್ಲರಿಗೂ ಗೊತ್ತು. ಇದು ಪ್ರೇಮಕಥೆಯಲ್ಲ, ಪ್ರೇಮ ಸೋತ ಕಥೆ. ಆದರೂ ಮೇಲಿನ ಐದರ ಜೊತೆ ಓದಲೇಬೇಕು. ಅಂದಿನಿಂದ ಕಾನೂನು ಒಂದಷ್ಟು ಸರಿದಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗವನ್ನು 1999ರಲ್ಲಿ ತೆಗೆದರು, ವಿಚ್ಛೇದನಕ್ಕೆ ಕಾರಣವಾಗಿದ್ದ ಕುಷ್ಠವನ್ನು 2019ರಲ್ಲಿ ತೆಗೆದರು. ಮಾನಸಿಕ ಕಾಯಿಲೆ, ಒಟ್ಟಿಗೆ ಬಾಳಲಾಗದಷ್ಟು ತೀವ್ರವಾಗಿದ್ದರೆ ಎಂಬ ಷರತ್ತಿನೊಂದಿಗೆ, ಇನ್ನೂ ಉಳಿದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಏಳರಿಂದ 21ಕ್ಕೆ ಏರಿ, ಆಟಿಸಂ ಕೂಡ ಸೇರಿದೆ. ಹೆಚ್ಚಿನ ಸವಲತ್ತುಗಳಿಗೆ ಶೇಕಡ 40ರ ಗೆರೆ. ಮೂವತ್ತೈದು ಬಂದ ಹುಡುಗಿ ಸರ್ಕಾರದ ಲೆಕ್ಕಕ್ಕೆ ಸಾಲದು, ವರನ ಕಡೆಯವರ ಲೆಕ್ಕಕ್ಕೆ ಜಾಸ್ತಿ. ಮಂಡ್ಯದ ಕಡೆ ನಡೆಯುವ ಯಾವುದೇ ಕಥೆಗೆ ಇದಕ್ಕಿಂತ ಗಟ್ಟಿ ತೊಡಕು ಬೇಕೇ?

ಕೊಳ್ಳುವ ವಿಧಾನ. ಕೈಬೆರಳು ನೋವಿನವರು ದಪ್ಪ ಪೇಪರ್‌ಬ್ಯಾಕ್ ತೆಗೆದುಕೊಳ್ಳಬೇಡಿ, ಬೆನ್ನು ಬಿಗಿ, ತೆರೆದು ಹಿಡಿಯಲು ಎರಡು ಹೆಬ್ಬೆರಳೂ ಬೇಕು. ಇಪುಸ್ತಕ ವಾಸಿ. ಮುದ್ರಿತ ಅಕ್ಷರ ಓದಲಾಗದವರು ಅಂಗವೈಕಲ್ಯದ ಪ್ರಮಾಣಪತ್ರದೊಂದಿಗೆ, 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದ ಸದಸ್ಯರಾಗಬಹುದು. ಇಂಥವರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ತರಲು 2012ರ ಹಕ್ಕುಸ್ವಾಮ್ಯ ತಿದ್ದುಪಡಿಯೇ ಅವಕಾಶ ಕೊಟ್ಟಿದೆ.

ಕನ್ನಡ ಕಾದಂಬರಿಗಳದ್ದೇ ಪೇಚಾಟ. ಸ್ಕ್ಯಾನ್ ಮಾಡಿದ ಪಿಡಿಎಫ್, ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಕ್ಕೆ ಬರೀ ಚಿತ್ರ, ಒಂದಕ್ಷರವೂ ಓದದು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪು ಮಾಡಿದ ಫೈಲು ಇನ್ನೂ ಮೋಸ: ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತ, ಕಿವಿಗೆ ಕೇಳುವುದು ಅರ್ಥವಿಲ್ಲದ ಗೊಣಗು. ಕನ್ನಡಕ್ಕೆ ಕನ್ನಡದ್ದೇ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಒತ್ತಕ್ಷರ ಮತ್ತು ಅರ್ಕಾವೊತ್ತು ಜಾಗ ತಪ್ಪುವುದುಂಟು, ಒಮ್ಮೆ ಕೂತು ತಿದ್ದಬೇಕು. ದುಡ್ಡು ಕಟ್ಟುವ ಮೊದಲು ಮಾದರಿ ಪುಟ ಇಳಿಸಿಕೊಂಡು ಆಂಡ್ರಾಯ್ಡ್ ಫೋನಿನಲ್ಲೇ ಇರುವ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಹಾಕಿ ನೋಡಿ. ಮೊದಲ ಸಾಲು ಕನ್ನಡವಾಗಿ ಕೇಳಿಸಿದರೆ ಕೊಳ್ಳಿ. 'ಚಿತ್ರ' ಎಂದು ಹೇಳಿ ಸುಮ್ಮನಾದರೆ ಪ್ರಕಾಶಕರಿಗೆ ಫೋನು ಮಾಡಿ, ಯೂನಿಕೋಡ್ ಪ್ರತಿ ಇದೆಯೇ ಎಂದು ಕೇಳಿ.